ಎರಡು ಲಕ್ಷದೊಳಗೆ ದೂರದೂರಿನ ಬೈಕು: ಆರಿಸಿದ್ದು, ಪರೀಕ್ಷಿಸಿದ್ದು, ಸಜ್ಜುಮಾಡಿದ್ದು

ಬೆಂಗಳೂರಿನಿಂದ ಹೊರಟು ಸ್ಪಿತಿ, ಲಡಾಖ್ ಸುತ್ತಿ ಅದೇ ಗಾಡಿಯಲ್ಲಿ ಮನೆ ಸೇರಬೇಕು. ಗಾಡಿಯ ಬೆಲೆ, ಸರಿಮಾಡಿಸುವ ಖರ್ಚು, ಬ್ಯಾಗು ಕಟ್ಟುವ ಕಬ್ಬಿಣ ಎಲ್ಲ ಸೇರಿ ಎರಡು ಲಕ್ಷ ದಾಟಬಾರದು. ಹುಡುಕಾಟಕ್ಕೆ ನಾವು ಹಾಕಿಕೊಂಡ ಗೆರೆ ಇಷ್ಟೇ. ಬೈಕು ಕೊಳ್ಳುವವರು ಸಾಮಾನ್ಯವಾಗಿ ಎಷ್ಟು ಸಿಸಿ, ಎಷ್ಟು ಪಿಎಸ್ ಪವರ್ ಎಂಬಲ್ಲಿಂದ ಶುರುಮಾಡುತ್ತಾರೆ. ನಾವು ರಸ್ತೆಯಿಂದ ಶುರುಮಾಡಿದೆವು. ದೂರದ ದಾರಿಯಲ್ಲಿ ಗಾಡಿ ಕೈಕೊಡುವುದು ಪವರ್ ಸಾಲದೆ ಅಲ್ಲ. ಪೆಟ್ರೋಲ್ ಮುಗಿದು, ರಿಮ್ ಬಾಗಿ, ಬೇರಿಂಗ್ ಸವೆದು, ಇಲ್ಲವೇ ನೂರು ರೂಪಾಯಿಯ ಕೇಬಲ್ ಸಿಗದೆ ನಿಲ್ಲುತ್ತದೆ.

ಈ ದಾರಿಯಲ್ಲಿ ಎರಡು ಬೇರೆಬೇರೆ ರಸ್ತೆಗಳಿವೆ. ಮೊದಲನೆಯದು ರಾಷ್ಟ್ರೀಯ ಹೆದ್ದಾರಿ 44. ಅನಂತಪುರ, ಕರ್ನೂಲು, ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ ಹಾದು ದೆಹಲಿಗೆ ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು. ಇಲ್ಲಿ ಬೇಕಾದದ್ದು ದಿನವಿಡೀ 85–90ರ ವೇಗದಲ್ಲಿ ಕೈ ಜೋಮು ಹಿಡಿಸದೆ ಓಡುವ ಗಾಡಿ. ಎರಡನೆಯದು ಮನಾಲಿ ದಾಟಿದ ಮೇಲಿನದು: ಜಲ್ಲಿ, ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ನಾಲೆಗಳು, ಮುಷ್ಟಿ ಗಾತ್ರದ ಕಲ್ಲು. ಇಲ್ಲಿ ಬೇಕಾದದ್ದು ನೆಲದಿಂದ ಎತ್ತರ, ದೊಡ್ಡ ಮುಂಚಕ್ರ, ಬಿದ್ದರೆ ಒಬ್ಬರೇ ಎತ್ತಬಹುದಾದ ತೂಕ. ಒಂದು ರಸ್ತೆಗೆ ಹೇಳಿಮಾಡಿಸಿದ ಗಾಡಿ ಇನ್ನೊಂದರಲ್ಲಿ ಕಾಟ ಕೊಡುತ್ತದೆ. ಕಡಿಮೆ ದುಡ್ಡಿನಲ್ಲಿ ಎರಡಕ್ಕೂ ಸುಮಾರಾಗಿ ಹೊಂದುವುದನ್ನು ಹುಡುಕಬೇಕು.

ಮೊದಲ ಜರಡಿ ಪೆಟ್ರೋಲ್ ಟ್ಯಾಂಕ್. ಮನಾಲಿ–ಲೇಹ್ ರಸ್ತೆಯಲ್ಲಿ ಕೇಲಾಂಗ್‌ಗೆ ಮುಂಚೆ ಸಿಗುವ ಟಾಂಡಿಯ ಬಂಕಿನ ಹತ್ತಿರದ ಫಲಕದಲ್ಲಿ ಮುಂದಿನ ಬಂಕ್ 365 ಕಿಲೋಮೀಟರ್ ಎಂದು ಬರೆದಿರುವುದು ಆ ದಾರಿ ಹಿಡಿದವರಿಗೆಲ್ಲ ಗೊತ್ತು. ಘಟ್ಟ ಹತ್ತುವಾಗ, ಮೊದಲ ಎರಡು ಗೇರಿನಲ್ಲೇ ತೆವಳುವಾಗ ಮೈಲೇಜ್ ಹೆದ್ದಾರಿಯಲ್ಲಿ ಸಿಗುವುದಕ್ಕಿಂತ ಐದಾರು ಕಿಲೋಮೀಟರ್ ಇಳಿಯುತ್ತದೆ ಎಂದುಕೊಂಡೇ ಲೆಕ್ಕ ಹಾಕಬೇಕು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ಕ್ಕೆ 15 ಲೀಟರ್ ಟ್ಯಾಂಕ್. ಲೀಟರಿಗೆ 28 ಹಿಡಿದರೂ 420. ಹೀರೋ ಎಕ್ಸ್‌ಪಲ್ಸ್ 200ಕ್ಕೆ 13 ಲೀಟರ್. 35ರ ಲೆಕ್ಕದಲ್ಲಿ 455. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ಗೆ 12 ಲೀಟರ್. 32ರಂತೆ 384, ಅಂದರೆ ಕೂದಲೆಳೆಯ ಅಂತರ. ಬಿಎಂಡಬ್ಲ್ಯು ಜಿ 310 ಜಿಎಸ್‌ಗೆ 11 ಲೀಟರ್ ಮಾತ್ರ. ಅದಕ್ಕೆ ಐದು ಲೀಟರಿನ ಕ್ಯಾನ್ ಕಟ್ಟಲೇಬೇಕು. ಕ್ಯಾನ್ ಕಟ್ಟುವುದು ತಪ್ಪೇನಲ್ಲ. ಆದರೆ ಅದು ಐದು ಲೀಟರ್ ಪೆಟ್ರೋಲಿನ ಜೊತೆಗೆ ಅದನ್ನು ಹಿಡಿಯುವ ಕಬ್ಬಿಣದ ತೂಕವನ್ನೂ ತರುತ್ತದೆ.

ಎರಡನೆಯ ಜರಡಿ ಎತ್ತರ. 5,000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದರ ಶೇ 60ರ ಆಸುಪಾಸಿಗೆ ಇಳಿಯುತ್ತದೆ. ಮನಾಲಿ–ಲೇಹ್ ದಾರಿಯ ತಗ್ಲಂಗ್ ಲಾ (ಲಾ ಎಂದರೆ ಬೆಟ್ಟ ದಾಟುವ ಕಣಿವೆದಾರಿ) 5,300 ಮೀಟರ್ ಹತ್ತಿರದಲ್ಲಿದೆ. ಫ್ಯೂಯೆಲ್ ಇಂಜೆಕ್ಷನ್ ಇದ್ದರೆ ಎತ್ತರದಲ್ಲಿ ಪವರ್ ಇಳಿಯುವುದಿಲ್ಲ ಎಂದು ಮಾರುವವರು ಹೇಳುವುದುಂಟು. ಇಂಜೆಕ್ಷನ್ ಮಾಡುವ ಕೆಲಸ ಇದ್ದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಕೊಡುವುದು, ಅಷ್ಟೇ. ಇಲ್ಲದ ಗಾಳಿಯನ್ನು ಅದು ಎಲ್ಲಿಂದಲೂ ತರುವುದಿಲ್ಲ. ಪೆಟ್ರೋಲಿನ ಅಳತೆಯನ್ನು ತಾನೇ ಬದಲಿಸಿಕೊಳ್ಳದ ಹಳೆಯ ಕಾರ್ಬ್ಯುರೇಟರ್ ಗಾಡಿಯಲ್ಲಿ ಪೆಟ್ರೋಲ್ ಅತಿಯಾಗಿ, ಪ್ಲಗ್ ಕಪ್ಪಾಗಿ, ಬೆಳಗ್ಗೆ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ. ಇಂಜೆಕ್ಷನ್‌ನಲ್ಲಿ ಈ ರಗಳೆ ಇಲ್ಲ. ಆದರೆ ಕೆಳಗೆ 24 ಪಿಎಸ್ ಇದ್ದದ್ದು ಅಲ್ಲಿ 14–15, 19 ಇದ್ದದ್ದು 11ರ ಹತ್ತಿರ. ಒಬ್ಬರೇ, ಕಡಿಮೆ ಸಾಮಾನಿನೊಂದಿಗೆ ಹೋಗುವವರಿಗೆ 11 ಸಾಕು. ಹಿಂದೆ ಒಬ್ಬರು ಕೂತು, ಎರಡು ಕಡೆ ಬ್ಯಾಗು ತೂಗುಹಾಕಿದರೆ ಮೊದಲ ಗೇರಿನಲ್ಲಿ ಕ್ಲಚ್ ಹಿಡಿದು ಹಿಡಿದು ಹತ್ತಿಸಬೇಕಾಗುತ್ತದೆ. ಕ್ಲಚ್ ಪ್ಲೇಟ್ ಸುಡುವುದು ಅಲ್ಲೇ.

ಮೂರನೆಯದು ಚಕ್ರ. 21 ಇಂಚಿನ ಮುಂಚಕ್ರ ಗುಂಡಿ, ಕಲ್ಲಿನ ಮೇಲೆ ಸಲೀಸಾಗಿ ಉರುಳುತ್ತದೆ. 17 ಇಂಚಿನದು ಗುಂಡಿಗೆ ಇಳಿದು ಗುದ್ದುತ್ತದೆ. ಸ್ಪೋಕ್ ಚಕ್ರವೋ ಅಲಾಯ್ ಚಕ್ರವೋ ಎಂಬ ವಾದಕ್ಕೆ ಕೊನೆಯಿಲ್ಲ. ಅಲಾಯ್‌ನಲ್ಲಿ ಟ್ಯೂಬ್‌ಲೆಸ್ ಟೈರ್. ಮೊಳೆ ಚುಚ್ಚಿದರೆ ರಬ್ಬರ್ ಪಟ್ಟಿ ತುರುಕಿ ಹತ್ತು ನಿಮಿಷದಲ್ಲಿ ಹೊರಡಬಹುದು. ಆದರೆ ಕಲ್ಲಿಗೆ ಬಡಿದು ರಿಮ್ಮಿನ ಅಂಚು ಬಾಗಿದರೆ ಗಾಳಿ ನಿಲ್ಲುವುದಿಲ್ಲ, ಸೀಳಿದರೆ ಹೊಸ ಚಕ್ರವೇ ಗತಿ. ಸ್ಪೋಕ್ ರಿಮ್ ಬಾಗಿದರೂ ಒಳಗೆ ಟ್ಯೂಬ್ ಇರುವುದರಿಂದ ಗಾಳಿ ನಿಲ್ಲುತ್ತದೆ, ಸ್ಪೋಕ್ ಬಿಗಿಮಾಡಿ ಚಕ್ರದ ಬೆಂಡು ತೆಗೆಯುವವರು ಸಣ್ಣ ಊರಲ್ಲೂ ಸಿಗುತ್ತಾರೆ. ಅದರ ಬೆಲೆ ಎಂದರೆ ಟ್ಯೂಬ್ ಪಂಕ್ಚರ್ ಆದಾಗ ಚಕ್ರ ಬಿಚ್ಚಿ ಬೆವರಿಳಿಸುವುದು. ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರಿಗೆ ನಮ್ಮ ಸಲಹೆ ಅಲಾಯ್; ಸ್ಪಿತಿ, ಝನ್ಸ್ಕಾರ್ ಕಡೆ ಕಣ್ಣಿಟ್ಟವರಿಗೆ ಸ್ಪೋಕ್.

ಸ್ಪ್ಲೆಂಡರ್‌ನಲ್ಲೇ ಖಾರ್ದುಂಗ್ ಲಾ ಮುಟ್ಟಿಬಂದವರು ಇದ್ದಾರೆ, ಅದಕ್ಕೇಕೆ ಇಷ್ಟೆಲ್ಲ ಲೆಕ್ಕಾಚಾರ ಎಂದು ಕೇಳುವವರಿಗೆ: ಹೌದು, ಹೋಗಿಬರಬಹುದು. ಕೈಯಲ್ಲಿ ಗಟ್ಟಿಮುಟ್ಟಾದ 150 ಸಿಸಿ ಗಾಡಿ ಇದ್ದು, ರಜೆ ಬೇಕಾದಷ್ಟಿದ್ದರೆ ಹೊಸದಕ್ಕೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ.

ಪಟ್ಟಿ ಇಳಿದದ್ದು ಹೀಗೆ

ಹೊಸದೋ ಹಳೆಯದೋ ಎಂಬ ಪ್ರಶ್ನೆಯನ್ನು ತೆರಿಗೆಯೇ ಮುಕ್ಕಾಲು ಪಾಲು ತೀರ್ಮಾನಿಸಿತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡವುಗಳದ್ದು ಶೇ 40ಕ್ಕೆ ಏರಿತು. ಹಾಗಾಗಿ ಹಿಮಾಲಯನ್ 450, ಕೆಟಿಎಂ 390 ಅಡ್ವೆಂಚರ್‌ನಂಥವು ಕೈಗೆ ಇನ್ನೂ ದೂರವಾದವು. ಎಕ್ಸ್‌ಪಲ್ಸ್, ವಿ-ಸ್ಟ್ರಾಮ್ ಎಸ್‌ಎಕ್ಸ್ ಹತ್ತಿರ ಬಂದವು. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ. ಒಂದು ಲಕ್ಷ ಮೀರಿದ ದ್ವಿಚಕ್ರಕ್ಕೆ ಶೇ 18, ಸೆಸ್ ಬೇರೆ. ಎರಡು ಲಕ್ಷ ಇಪ್ಪತ್ತು ಸಾವಿರದ ಗಾಡಿಗೆ ತೆರಿಗೆಯೇ ಸುಮಾರು 40 ಸಾವಿರ. ಕರ್ನಾಟಕದಲ್ಲೇ ನೋಂದಣಿಯಾದ ಹಳೆಯ ಗಾಡಿ ಕೊಂಡರೆ ಈ ತೆರಿಗೆಯನ್ನು ಮೊದಲ ಮಾಲೀಕರು ಕಟ್ಟಿರುತ್ತಾರೆ. ಸೆಕೆಂಡ್ ಹ್ಯಾಂಡ್‌ನ ನಿಜವಾದ ಲಾಭ ಇದು.

ಕೆಟಿಎಂ 390 ಅಡ್ವೆಂಚರ್‌ನ ಮೊದಲ ತಲೆಮಾರಿನ, ಅಂದರೆ 373 ಸಿಸಿಯ ಹಳೆಯ ಗಾಡಿಗಳು ಸಿಗುತ್ತವೆ. 43 ಪಿಎಸ್, ಓಡಿಸಲು ಬಲು ಹಿತ. ಆದರೆ ಸೀಟಿನ ಎತ್ತರ 855 ಮಿಲಿಮೀಟರ್, ಬಿಡಿಭಾಗ ದುಬಾರಿ, ಲ್ಯಾಪ್‌ಟಾಪ್ ಚುಚ್ಚದೆ ದೋಷ ಹಿಡಿಯುವುದು ಕಷ್ಟ. ಕೊಂಡ ಬೆಲೆಗಿಂತ ಸಾಕುವ ಖರ್ಚಿಗೆ ಹೆದರಿ ಬಿಟ್ಟೆವು. ವಿ-ಸ್ಟ್ರಾಮ್ ಎಸ್‌ಎಕ್ಸ್ 26.5 ಪಿಎಸ್, 167 ಕೆಜಿ, ನುಣುಪಾದ ಎಂಜಿನ್; ಇಬ್ಬರು ಹೆದ್ದಾರಿಯಲ್ಲಿ ದೂರ ಹೋಗಲು ಇಂದಿಗೂ ಇದೇ ನಮ್ಮ ಮೊದಲ ಆಯ್ಕೆ. ಆದರೆ 19 ಇಂಚಿನ ಅಲಾಯ್ ಮುಂಚಕ್ರ, 12 ಲೀಟರ್ ಟ್ಯಾಂಕ್. ಹಳೆಯದು ಹೆಚ್ಚಾಗಿ ಮಾರಾಟಕ್ಕೆ ಬರುವುದೂ ಇಲ್ಲ.

ಕೊನೆಗೆ ಉಳಿದದ್ದು ಎರಡೇ. ಎಕ್ಸ್‌ಪಲ್ಸ್ 200 4ವಿ 2021ರ ಕೊನೆಯಲ್ಲಿ ಬಂದದ್ದು: 19 ಪಿಎಸ್, 158 ಕೆಜಿ, 21 ಮತ್ತು 18 ಇಂಚಿನ ಸ್ಪೋಕ್ ಚಕ್ರ. ಹೀರೋ ಮೆಕ್ಯಾನಿಕ್ ಇಲ್ಲದ ತಾಲ್ಲೂಕು ಕೇಂದ್ರ ದೇಶದಲ್ಲಿ ಸಿಗುವುದು ಕಷ್ಟ. ಕೆಟ್ಟ ರಸ್ತೆಯಲ್ಲಿ ಇದಕ್ಕೆ ಸಾಟಿ ಈ ದುಡ್ಡಿಗೆ ಇನ್ನೊಂದಿಲ್ಲ. ಸೋಲುವುದು ಹೆದ್ದಾರಿಯಲ್ಲಿ, 85 ದಾಟಿದರೆ ಎಂಜಿನ್ ಒದ್ದಾಡುತ್ತದೆ, ಎದುರುಗಾಳಿಗೆ ನಾಲ್ಕನೇ ಗೇರಿಗೆ ಇಳಿಸಬೇಕು. ಒಂಟಿ ಸವಾರರು, ಭಾರದ ಗಾಡಿ ಎತ್ತಲಾಗದವರು, ರೈಲಿನಲ್ಲಿ ಗಾಡಿ ಕಳಿಸಿ ಅಲ್ಲಿಂದ ಓಡಿಸುವವರು ಕಣ್ಣುಮುಚ್ಚಿ ಇದನ್ನೇ ತೆಗೆದುಕೊಳ್ಳಬಹುದು.

ಹಿಮಾಲಯನ್ 411 ಇದಕ್ಕೆ ಉಲ್ಟಾ. 199 ಕೆಜಿ ತೂಕ, 24 ಪಿಎಸ್ ಮಾತ್ರ. ಆದರೆ 32 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ನಾಲ್ಕು ಸಾವಿರ ಆರ್‌ಪಿಎಂ ಆಸುಪಾಸಿನಲ್ಲೇ ಸಿಗುತ್ತದೆ. ಸಿಲಿಂಡರಿನ ಅಗಲ (ಬೋರ್) 78 ಮಿಲಿಮೀಟರ್, ಪಿಸ್ಟನ್ ಓಡುವ ಉದ್ದ (ಸ್ಟ್ರೋಕ್) 86 ಮಿಲಿಮೀಟರ್ ಇರುವ ಎಂಜಿನ್‌ನ ಗುಣವದು. ಸಾಮಾನು ಹೇರಿದರೂ 90ರಲ್ಲಿ ದಿನವಿಡೀ ಹೋಗುತ್ತದೆ. ಸೀಟು 800 ಮಿಲಿಮೀಟರ್; ಐದೂವರೆ ಅಡಿಯವರ ಕಾಲೂ ನೆಲಕ್ಕೆ ಊರುತ್ತದೆ. ತಣಿಸುವುದು ಗಾಳಿ ಮತ್ತು ಆಯಿಲ್, ರೇಡಿಯೇಟರ್ ಇಲ್ಲ, ಒಡೆಯುವುದೂ ಇಲ್ಲ. ಎರಡೇ ವಾಲ್ವ್, ಅವುಗಳ ಸಂದನ್ನು ಸ್ಕ್ರೂ ಮತ್ತು ನಟ್‌ನಿಂದ ಸರಿಪಡಿಸುವ ಟ್ಯಾಪೆಟ್. ಸಂದು ಅಳೆಯುವ ಫೀಲರ್ ಗೇಜ್ ಹಿಡಿಯಲು ಬರುವ ಯಾವ ಮೆಕ್ಯಾನಿಕ್ ಬೇಕಾದರೂ ಮಾಡಬಲ್ಲ. ಮನಾಲಿಯಿಂದ ಲೇಹ್‌ವರೆಗೆ ಬಾಡಿಗೆಗೆ ಓಡುವ ಗಾಡಿಗಳಲ್ಲಿ ಬಹುಪಾಲು ಎನ್‌ಫೀಲ್ಡ್ ಆದ್ದರಿಂದ ಬಿಡಿಭಾಗವೂ ಅನುಭವಸ್ಥ ಕೈಯೂ ಆ ದಾರಿಯಲ್ಲಿ ಸಿಗುತ್ತವೆ. ಒಂದೇ ಗಾಡಿಯಲ್ಲಿ ಎರಡೂ ರಸ್ತೆ ಎಂಬ ನಮ್ಮ ಲೆಕ್ಕಕ್ಕೆ ಇದು ಕೂತಿತು.

411ರಲ್ಲೂ ಯಾವ ವರ್ಷದ್ದು ಎಂಬುದು ಮುಖ್ಯ. 2016ರಲ್ಲಿ ಬಂದ ಮೊದಲ ಗಾಡಿಗಳಿಗೆ ಕಾರ್ಬ್ಯುರೇಟರ್, 2017ರಲ್ಲಿ ಇಂಜೆಕ್ಷನ್, 2018ರಲ್ಲಿ ಎರಡೂ ಚಕ್ರಕ್ಕೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ), 2020ರ ಆರಂಭದಲ್ಲಿ ಹೊಗೆ ಮಿತಿಯ ಬಿಎಸ್-6 ನಿಯಮಕ್ಕೆ ಹೊಂದುವ ಎಂಜಿನ್ ಮತ್ತು ಹಿಂಚಕ್ರದ ಎಬಿಎಸ್ ಆಫ್ ಮಾಡುವ ಸ್ವಿಚ್. 2023ರ ನವೆಂಬರ್‌ನಲ್ಲಿ 450 ಬಂದ ಮೇಲೆ 411 ನಿಂತಿತು. ಜಲ್ಲಿಯಲ್ಲಿ ಇಳಿಯುವಾಗ ಹಿಂದಿನ ಎಬಿಎಸ್ ಚಾಲೂ ಇದ್ದರೆ ಬ್ರೇಕ್ ಹಿಡಿಯದೆ ಗಾಡಿ ಜಾರುತ್ತಲೇ ಹೋಗುತ್ತದೆ, ಅದಕ್ಕೇ ಆ ಸ್ವಿಚ್ಚಿಗೆ ಬೆಲೆ. ನಾವು ನೋಡಿದ್ದು 2020ರಿಂದ 2022ರವರೆಗಿನವು. ದುಡ್ಡು ಸಾಲದಿದ್ದರೆ 2018–19. ಕಾರ್ಬ್ಯುರೇಟರ್‌ದು ಎಷ್ಟೇ ಅಗ್ಗಕ್ಕೆ ಬಂದರೂ ಬೇಡ.

ಗಾಡಿ ಮುಂದೆ ನಿಂತಾಗ

ಮಾಡೆಲ್ ಆರಿಸುವುದು ಸುಲಭದ ಭಾಗ. ಒಂದೇ ವರ್ಷದ, ಒಂದೇ ಬಣ್ಣದ ಎರಡು ಹಿಮಾಲಯನ್‌ಗಳ ನಡುವೆ ಎರಡು ಬೇರೆ ಕಂಪನಿಯ ಗಾಡಿಗಳ ನಡುವೆ ಇರುವುದಕ್ಕಿಂತ ಹೆಚ್ಚು ವ್ಯತ್ಯಾಸ ಇರುತ್ತದೆ. ನೋಡಲು ಹೋಗುವಾಗ ಟಾರ್ಚ್, ಮಲ್ಟಿಮೀಟರ್, ಒಂದು ಸಣ್ಣ ಸ್ಪ್ಯಾನರ್, ಬಟ್ಟೆ ಚೂರು ಇದ್ದರೆ ಸಾಕು. ಹಗಲಿನಲ್ಲೇ ಹೋಗಬೇಕು, ಮಳೆಯಲ್ಲಿ ನೆನೆದ ಗಾಡಿ ನೋಡಬಾರದು. ನೀರು ಬಿದ್ದರೆ ಬಣ್ಣದ ತೇಪೆಯೂ ಆಯಿಲ್ ಜಿನುಗುವುದೂ ಕಾಣುವುದಿಲ್ಲ.

"ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಸಾರ್" ಎಂದು ಫೋನಿನಲ್ಲೇ ಹೇಳಿರಬೇಕು. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಮಾರುವವರು ಏನನ್ನೋ ಮುಚ್ಚಿಡುತ್ತಿರಬಹುದು. ಒಂದು ಗಂಟೆ ಬಿಟ್ಟು ಬರುತ್ತೇವೆ ಎಂದು ಚಹಾ ಕುಡಿಯಲು ಹೋಗುವುದು ಒಳ್ಳೆಯದು. ಈ ಗಾಡಿಗೆ ಕಿಕ್ಕರ್ ಇಲ್ಲ, ಸೆಲ್ಫ್ ಒಂದೇ. ತಣ್ಣಗಿದ್ದಾಗ ಒಂದೆರಡು ಸಲಕ್ಕೆ ಹಿಡಿಯಬೇಕು. ಶುರುವಿನಲ್ಲಿ ಟ್ಯಾಪೆಟ್ ಟಿಕ್ ಟಿಕ್ ಎನ್ನುವುದು ಸಹಜ. ಬಿಸಿಯಾದ ಮೇಲೂ ಸಿಲಿಂಡರ್ ಹೆಡ್‌ನ ಪಕ್ಕದಲ್ಲಿ ಸರಪಳಿ ಅಲ್ಲಾಡಿದಂಥ ಸದ್ದು ಬಂದರೆ ಎಂಜಿನ್ ಒಳಗಿನ ಟೈಮಿಂಗ್ ಚೈನ್ ಅಥವಾ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸವೆದಿದೆ. ಕೆಳಗಿನಿಂದ, ಕ್ರ್ಯಾಂಕ್‌ನ ಕಡೆಯಿಂದ ದಪ್ಪನೆಯ ಬಡಿತ ಬಂದರೆ ಬೆಲೆ ಮಾತಾಡುವುದೇ ಬೇಡ, ವಾಪಸ್ ಬರಬೇಕು.

ಹೊಗೆಯನ್ನು ಹಿಂದೆ ನಿಂತು ನೋಡಬೇಕು. ಬೆಳಗಿನ ತೆಳು ಬಿಳಿ ಹೊಗೆ ನೀರಾವಿ, ಚಿಂತೆಯಿಲ್ಲ. ಆಕ್ಸಿಲರೇಟರ್ ಕೊಡುವಾಗೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಕೊಟ್ಟು ಬಿಟ್ಟು ಮತ್ತೆ ಕೊಟ್ಟಾಗ ಮಾತ್ರ ಒಂದು ಉಂಡೆ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್. ಎರಡನೆಯದು ಕಡಿಮೆ ಖರ್ಚಿನದು, ಬೆಲೆ ಇಳಿಸಿ ಕೊಳ್ಳಬಹುದು. ಆಯಿಲ್ ಕೂಲರ್‌ನ ಎರಡು ಪೈಪುಗಳ ಬುಡ, ಸಿಲಿಂಡರ್ ಹೆಡ್‌ನ ಗ್ಯಾಸ್ಕೆಟ್ ಸುತ್ತ ಬಟ್ಟೆಯಿಂದ ಒರೆಸಿಟ್ಟು, ಓಡಿಸಿ ಬಂದ ಮೇಲೆ ಮತ್ತೆ ನೋಡಿದರೆ ಸೋರುವುದು ಗೊತ್ತಾಗುತ್ತದೆ.

411ರ ಬಲಹೀನ ಜಾಗ ಎಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವಲ್ಲಿನ ಬೇರಿಂಗ್. ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಒತ್ತಿ ಹಿಡಿದು ಮುಂಚಕ್ರ ಗಾಳಿಯಲ್ಲಿ ಇರುವಂತೆ ಮಾಡಬೇಕು. ಎರಡು ಬೆರಳಲ್ಲಿ ಹ್ಯಾಂಡಲ್ ಹಿಡಿದು ಎಡದಿಂದ ಬಲಕ್ಕೆ ನಿಧಾನ ತಿರುಗಿಸಿದಾಗ ನಡುವೆ ಸಣ್ಣ ಗುಳಿಗೆ ಬಿದ್ದಂತೆ ನಿಂತರೆ ಬೇರಿಂಗ್ ಹೋಗಿದೆ. ಬಳಿಕ ಮುಂಚಕ್ರ ಹಿಡಿದಿರುವ ಫೋರ್ಕಿನ ಕೆಳತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದಾಗ ಟಕ್ ಎಂದರೆ ಸಡಿಲವಾಗಿದೆ. ಗುಂಡಿ ರಸ್ತೆಯಲ್ಲಿ ಓಡಿದ ಗಾಡಿಗಳಲ್ಲಿ ಇದು ಹೋಗಿಯೇ ಇರುತ್ತದೆ ಎಂದುಕೊಳ್ಳುವುದು ಕ್ಷೇಮ. ಸವೆದ ಗುಂಡಿನ ಬೇರಿಂಗ್ ತೆಗೆದು ಟೇಪರ್ ರೋಲರ್ ಬೇರಿಂಗ್ ಹಾಕಿಸಿದರೆ ಬಹಳ ಕಾಲ ಬಾಳುತ್ತದೆ. ಹಾಗಾಗಿ ಕೋನ್ ಸೆಟ್ ಹೋದದ್ದು ಗಾಡಿ ಬಿಡಲು ಕಾರಣವಲ್ಲ, ಚೌಕಾಸಿಗೆ ಕಾರಣ.

ಗಾಡಿ ಬಿಡಲು ಕಾರಣ ಚಾಸಿ. ಹ್ಯಾಂಡಲ್ ಕೆಳಗಿನ ಬೆಸುಗೆ, ಎಂಜಿನ್ ಹಿಡಿದಿರುವ ಬೋಲ್ಟುಗಳ ಸುತ್ತ, ಹಿಂದೆ ಕ್ಯಾರಿಯರ್ ಕೂರುವ ಕೊಳವೆ, ಈ ಮೂರು ಕಡೆ ಟಾರ್ಚ್ ಬಿಟ್ಟು ನೋಡಬೇಕು. ಹೊಸದಾಗಿ ಕಪ್ಪು ಬಣ್ಣ ಬಳಿದದ್ದು, ಕಂಪನಿಯ ಬೆಸುಗೆಯಂತಿಲ್ಲದ ಒರಟು ಬೆಸುಗೆ, ಬಣ್ಣದಲ್ಲಿ ಕೂದಲಿನಂಥ ಬಿರುಕು ಕಂಡರೆ ಅಲ್ಲಿಗೆ ಮುಗಿಯಿತು. ಹ್ಯಾಂಡಲ್ ಪೂರ್ತಿ ಒಂದು ಕಡೆ ತಿರುಗಿದಾಗ ತಡೆಯುವ ಕಬ್ಬಿಣದ ಮೊಳೆ ಜಜ್ಜಿದ್ದರೆ ಗಾಡಿ ಜೋರಾಗಿ ಬಿದ್ದಿದೆ ಎಂದರ್ಥ. ಕ್ರ್ಯಾಶ್ ಗಾರ್ಡ್ ಮೇಲಿನ ಗೀರಿಗೆ ಹೆದರಬೇಕಿಲ್ಲ, ಅದು ತನ್ನ ಕೆಲಸ ಮಾಡಿದೆ ಅಷ್ಟೆ.

ಚಕ್ರದ ಸ್ಪೋಕುಗಳನ್ನು ಸ್ಪ್ಯಾನರ್‌ನಿಂದ ಒಂದೊಂದಾಗಿ ತಟ್ಟುತ್ತ ಹೋದರೆ ಬಿಗಿಯಿದ್ದದ್ದು ಠಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಬಡಿಯುತ್ತದೆ. ಚೈನನ್ನು ಹಿಂದಿನ ಸ್ಪ್ರಾಕೆಟ್‌ನ ತೀರಾ ಹಿಂಬದಿಯಲ್ಲಿ ಹಿಡಿದು ಹೊರಕ್ಕೆ ಎಳೆದಾಗ ಹಲ್ಲು ಅರ್ಧ ಕಾಣಿಸಿದರೆ ಚೈನ್ ಮುಗಿದಿದೆ. ಹಲ್ಲು ಒಂದು ಕಡೆಗೆ ಬಾಗಿ ಕೊಕ್ಕೆಯಾಗಿದ್ದರೆ ಸ್ಪ್ರಾಕೆಟ್ ಕೂಡ. ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನು ತಿನ್ನುತ್ತದೆ, ಸೆಟ್ಟೇ ಹಾಕಿಸಬೇಕು. ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಆಯಿಲಿನ ಉಂಗುರ ಕಂಡರೆ ಸೀಲ್ ಹೋಗಿದೆ. ಅಲ್ಲೇ ತುಕ್ಕಿನ ಚುಕ್ಕೆ ಇದ್ದರೆ ಹೊಸ ಸೀಲನ್ನೂ ಅದು ಕೆರೆದು ಹಾಳುಮಾಡುತ್ತದೆ.

ಮಲ್ಟಿಮೀಟರ್ ಎರಡು ನಿಮಿಷದ ಕೆಲಸ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.5 ವೋಲ್ಟ್ ಸುತ್ತ, ಮೂರು ಸಾವಿರ ಆರ್‌ಪಿಎಂನಲ್ಲಿ 13.8ರಿಂದ 14.5. ಹೆಡ್‌ಲೈಟ್ ಹಾಕಿದಾಗ 13ಕ್ಕಿಂತ ಕೆಳಗಿಳಿದರೆ ಚಾರ್ಜಿಂಗ್‌ನಲ್ಲಿ ತೊಂದರೆ. ಕಿಕ್ಕರ್ ಇಲ್ಲದ ಗಾಡಿಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮೊದಲ ಮಾಲೀಕರು ಫಾಗ್ ಲ್ಯಾಂಪ್ ಹಾಕಿಸಿದ್ದರೆ ವೈರು ಎಲ್ಲಿಂದ ಎಳೆದಿದ್ದಾರೆ ನೋಡಬೇಕು. ರಿಲೇ, ಫ್ಯೂಸ್ ಇಲ್ಲದೆ ಹೆಡ್‌ಲೈಟ್ ವೈರಿಗೇ ಸುತ್ತಿ ಟೇಪ್ ಹಚ್ಚಿದ್ದರೆ ಅದನ್ನೆಲ್ಲ ಕಿತ್ತು ಹಾಕುವ ಖರ್ಚನ್ನೂ ಸೇರಿಸಿಕೊಳ್ಳಬೇಕು. ಎಬಿಎಸ್ ದೀಪ ಕೀ ತಿರುಗಿಸಿದಾಗ ಹತ್ತಿ, ಗಾಡಿ ಸ್ವಲ್ಪ ಉರುಳಿದ ಮೇಲೆ ಆರಬೇಕು. ಕೀ ತಿರುಗಿಸಿದಾಗ ಹತ್ತದೇ ಇದ್ದರೂ ಅನುಮಾನಿಸಬೇಕು. ದೋಷ ಕಾಣದಿರಲೆಂದು ದೀಪವನ್ನೇ ಕಿತ್ತಿರಬಹುದು.

ಓಡಿಸಿ ನೋಡುವುದು ಕನಿಷ್ಠ ಅರ್ಧ ಗಂಟೆ. ಐದನೇ ಗೇರಿನಲ್ಲಿ 50ರ ವೇಗದಿಂದ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹ್ಯಾಂಡಲ್ ಹಗುರವಾಗಿ ಹಿಡಿದಾಗ ಗಾಡಿ ಒಂದು ಬದಿಗೆ ಎಳೆಯಬಾರದು. ಉಬ್ಬಿನ ಮೇಲೆ ಹಿಂದಿನಿಂದ ಕಿರ್ರ್ ಎಂದರೆ ಮೋನೋಶಾಕ್ (ಹಿಂದಿನ ಒಂಟಿ ಶಾಕ್ ಅಬ್ಸಾರ್ಬರ್) ಕೂಡುವ ಲಿಂಕೇಜ್ ಗ್ರೀಸ್ ಕಾಣದೆ ವರ್ಷಗಳಾಗಿವೆ. ಹಿಂದಿನ ಬ್ರೇಕ್ ಈ ಮಾಡೆಲ್‌ನಲ್ಲಿ ಮೊದಲೇ ಸ್ವಲ್ಪ ಮೆತ್ತಗೆ; ಅದನ್ನು ದೋಷವೆಂದು ಚೌಕಾಸಿ ಮಾಡಿದರೆ ಗೊತ್ತಿರುವ ಮಾಲೀಕರು ನಕ್ಕುಬಿಡುತ್ತಾರೆ.

ಓಡೋಮೀಟರ್ 15 ಸಾವಿರ ಎನ್ನುತ್ತಿದ್ದು ಫುಟ್‌ರೆಸ್ಟ್ ರಬ್ಬರ್ ಬೋಳಾಗಿ, ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಉಗುರಿಗೆ ತಗಲುವ ಏಣು ಎದ್ದಿದ್ದರೆ ಮೀಟರನ್ನು ನಂಬಬೇಡಿ. ಸರ್ವಿಸ್ ದಾಖಲೆಯಲ್ಲಿ ಪ್ರತಿ ಸಲದ ಕಿಲೋಮೀಟರ್ ಬರೆದಿರುತ್ತದೆ, ಅದನ್ನು ಕೇಳಿ ಪಡೆಯಬೇಕು. ನಮ್ಮ ಕಣ್ಣಿಗೆ 30 ಸಾವಿರ ಓಡಿ ದಾಖಲೆ ಪಕ್ಕಾ ಇರುವ ಗಾಡಿ, ಎರಡು ವರ್ಷ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ನಿಂತ 8 ಸಾವಿರದ ಗಾಡಿಗಿಂತ ಮೇಲು. ನಿಂತ ಗಾಡಿಯಲ್ಲಿ ಟ್ಯಾಂಕಿನ ಒಳಗೆ ತುಕ್ಕು, ಫ್ಯೂಯೆಲ್ ಪಂಪ್ ಜಾಮ್, ಟೈರಿನ ಗೋಡೆಯಲ್ಲಿ ಬಿರುಕು. ಈಗಿನ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ. ಅದಕ್ಕೆ ಹೊಂದುವ ರಬ್ಬರ್ ಭಾಗಗಳು 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳಿಗೆ ಬಂದವು. ಅದಕ್ಕಿಂತ ಹಳೆಯದು ಕೊಂಡರೆ ಪೆಟ್ರೋಲ್ ಪೈಪ್ ಮತ್ತು ಪಂಪಿನ ಓ-ರಿಂಗ್ ಬದಲಿಸಿಬಿಡುವುದು ಒಳ್ಳೆಯದು.

ಕಾಗದ

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಎಷ್ಟನೇ ಮಾಲೀಕರು, ವಿಮೆ, ಸಾಲ ಇದೆಯೇ ಎಂಬುದು ಗೊತ್ತಾಗುತ್ತದೆ. ಚಾಸಿ ನಂಬರ್ ಮತ್ತು ಎಂಜಿನ್ ನಂಬರನ್ನು ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಬೇಕು. ಟ್ರಾಫಿಕ್ ದಂಡ ಬಾಕಿ ಇದ್ದರೆ ಮಾರುವವರೇ ಕಟ್ಟಿ ರಸೀದಿ ಕೊಡಬೇಕು. ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದು ಸಾಮಾನ್ಯ. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಫಾರ್ಮ್ 35 ಇಲ್ಲದೆ ಅದು ಅಳಿಯುವುದಿಲ್ಲ, ಎನ್‌ಒಸಿಗೆ ಅವಧಿಯೂ ಇದೆ. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30, ಇಬ್ಬರ ಸಹಿ. 2019ರ ಏಪ್ರಿಲ್‌ಗಿಂತ ಮುಂಚಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ನೋಡಬೇಕು.

ಬೇರೆ ರಾಜ್ಯದ ಗಾಡಿ ಇಪ್ಪತ್ತು ಸಾವಿರ ಕಡಿಮೆಗೆ ಸಿಗುತ್ತದೆ ಎಂದರೆ ಆಸೆಪಡಬೇಡಿ. ಅಲ್ಲಿನ ಆರ್‌ಟಿಒ ಎನ್‌ಒಸಿ, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕ ಆಜೀವ ತೆರಿಗೆ, ಹೊಸ ನಂಬರ್, ಓಡಾಟ. ಉಳಿತಾಯವೆಲ್ಲ ಅಲ್ಲೇ ಕರಗುತ್ತದೆ.

ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ ಹೊರಡಬಾರದು. ಗಡಿ ಜಿಲ್ಲೆಗಳ ಚೆಕ್‌ಪೋಸ್ಟ್‌ಗಳಲ್ಲಿ ಗಾಡಿ ಯಾರ ಹೆಸರಲ್ಲಿದೆ ಎಂದು ಕೇಳುತ್ತಾರೆ. ಹೊರಗಿನಿಂದ ತಂದ ಬಾಡಿಗೆ ಬೈಕುಗಳನ್ನು ಲೇಹ್ ಸುತ್ತಮುತ್ತ ಸ್ಥಳೀಯ ಸಂಘದವರು ತಡೆಯುವುದರಿಂದ, ಬೇರೆಯವರ ಹೆಸರಿನ ಗಾಡಿಗೆ ಅನಗತ್ಯ ವಿವರಣೆ ಕೊಡಬೇಕಾಗುತ್ತದೆ. ವಿಮೆಯನ್ನೂ 14 ದಿನದೊಳಗೆ ವರ್ಗಾಯಿಸಿಕೊಳ್ಳಬೇಕು. 2018ರ ಸೆಪ್ಟೆಂಬರ್ ನಂತರದ ಗಾಡಿಗಳಿಗೆ ಹೊಸದಾಗಿ ಕೊಂಡಾಗ ಥರ್ಡ್ ಪಾರ್ಟಿ ವಿಮೆ ಐದು ವರ್ಷಕ್ಕೆ ಇರುತ್ತದೆ, ಆದರೆ ನಮ್ಮ ಗಾಡಿಯ ಹಾನಿಗೆ ಕೊಡುವ ಭಾಗ ಬಹುಪಾಲು ಒಂದೇ ವರ್ಷದ್ದು. "ಇನ್ಶೂರೆನ್ಸ್ ಇದೆ" ಎಂದರೆ ಯಾವುದು ಎಂದು ಕೇಳಬೇಕು.

ಕೊಂಡ ಮೇಲಿನ ಮೂವತ್ತು ಸಾವಿರ

ಗಾಡಿಗೆ ಒಂದೂಮುಕ್ಕಾಲು ಲಕ್ಷ ಕೊಟ್ಟು ಕೈ ಖಾಲಿ ಮಾಡಿಕೊಳ್ಳುವುದಕ್ಕಿಂತ ಒಂದೂವರೆಗೆ ಮುಗಿಸಿ ಉಳಿದದ್ದರಲ್ಲಿ ಮೂವತ್ತು ಸಾವಿರವನ್ನಾದರೂ ಗ್ಯಾರೇಜಿಗೆ ಇಡಬೇಕು. ಯಾವ ಸೆಕೆಂಡ್ ಹ್ಯಾಂಡ್ ಗಾಡಿಯೇ ಆಗಲಿ, ಮಾಲೀಕರು ಏನೇ ಹೇಳಲಿ, ಮೊದಲ ವಾರ ಮಾಡಿಸಬೇಕಾದವು ಇವು: ಎಂಜಿನ್ ಆಯಿಲ್ 15ಡಬ್ಲ್ಯು-50 ಸುಮಾರು ಎರಡು ಲೀಟರ್ ಮತ್ತು ಫಿಲ್ಟರ್, ಏರ್ ಫಿಲ್ಟರ್, ಪ್ಲಗ್, ಡಾಟ್ 4 ಬ್ರೇಕ್ ಆಯಿಲ್, ಟ್ಯಾಪೆಟ್, ಕೋನ್ ಸೆಟ್‌ಗೆ ಟೇಪರ್ ಬೇರಿಂಗ್, ಹಿಂಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಮತ್ತು ಲಿಂಕೇಜ್ ಬಿಚ್ಚಿ ಗ್ರೀಸ್, ಎರಡೂ ಚಕ್ರದ ಬೇರಿಂಗ್. ಚೈನ್ ಸೆಟ್ಟೂ ಟೈರೂ ಅರ್ಧ ಸವೆದಿದ್ದರೆ ಹೊಸದು. ಆರು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಪ್ರಯಾಣಕ್ಕೆ ಅರ್ಧ ಟೈರಿನಲ್ಲಿ ಹೊರಟರೆ ಎಲ್ಲೋ ನಡುವೆ ಸಿಕ್ಕಿದ ಬೆಲೆಗೆ, ಸಿಕ್ಕಿದ ಅಳತೆಯದ್ದನ್ನು ಹಾಕಿಸಬೇಕಾಗುತ್ತದೆ. 21 ಇಂಚಿನ ಟೈರ್ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇರಿಂಗ್, ಚೈನ್, ಟ್ಯೂಬು ಮುದ್ರಿತ ಬೆಲೆಗಿಂತ ಕಡಿಮೆಗೆ ಸಿಗುತ್ತವೆ. ಬ್ರೇಕ್ ಪ್ಯಾಡ್, ಆಯಿಲ್ ಫಿಲ್ಟರ್ ಮಾತ್ರ ಕಂಪನಿಯ ಅಂಗಡಿಯಲ್ಲೇ ಕೊಳ್ಳಿ, ನಕಲಿ ಹೆಚ್ಚು.

ಅಲಂಕಾರಕ್ಕೆ ದುಡ್ಡು ಹಾಕಬೇಡಿ. ಸೈಲೆನ್ಸರ್ ಬದಲಿಸಿದರೆ ಹೆದ್ದಾರಿಯಲ್ಲಿ ಕಿವಿ ನೋವು, ಊರೊಳಗೆ ದಂಡ. ಕ್ರ್ಯಾಶ್ ಗಾರ್ಡ್, ಎಂಜಿನ್ ಕೆಳಗೆ ದಪ್ಪನೆಯ ಬ್ಯಾಷ್ ಪ್ಲೇಟ್, ಕೈಗೆ ಗಾರ್ಡ್, ಸೀಟಿನ ಮೇಲೊಂದು ಗಾಳಿ ಮೆತ್ತೆ ಇಷ್ಟು ಸಾಕು. ಅಲ್ಯೂಮಿನಿಯಂ ಪೆಟ್ಟಿಗೆಗಳು ಖಾಲಿಯಿದ್ದಾಗಲೇ ಭಾರ, ಜಾರಿ ಬಿದ್ದರೆ ಕಾಲು ಸಿಕ್ಕಿಹಾಕಿಕೊಳ್ಳುವ ಅಪಾಯ ಬೇರೆ. ಬಟ್ಟೆಯ ಸೈಡ್ ಬ್ಯಾಗು ಹಗುರ. ಭಾರದ್ದು ಕೆಳಗೆ ಮತ್ತು ಮುಂದಕ್ಕೆ, ಹಗುರದ್ದು ಹಿಂದೆ. ಒಟ್ಟು 20 ಕೆಜಿ ಮೀರದಿದ್ದರೆ ಕ್ಯಾರಿಯರ್ ಕೊಳವೆ ಬಿರಿಯುವುದಿಲ್ಲ. ಬ್ಯಾಗಿನ ಕಬ್ಬಿಣ ಸೈಲೆನ್ಸರ್‌ನಿಂದ ನಾಲ್ಕು ಬೆರಳಾದರೂ ದೂರ ಇರಲಿ.

ಸಲಕರಣೆ ಪೊಟ್ಟಣದಲ್ಲಿ ಮುಂದಿನ ಮತ್ತು ಹಿಂದಿನ ಟ್ಯೂಬ್ ಒಂದೊಂದು. ಒಂದಕ್ಕೇ ಜಾಗವಿದ್ದರೆ 21 ಇಂಚಿನದು. ತಾತ್ಕಾಲಿಕವಾಗಿ ಅದನ್ನು ಹಿಂಚಕ್ರಕ್ಕೂ ತುರುಕಬಹುದು, ಹಿಂದಿನದನ್ನು ಮುಂದಕ್ಕೆ ಹಿಗ್ಗಿಸಲಾಗದು. ಜೊತೆಗೆ ಮೂರು ಟೈರ್ ಲಿವರ್, ಪ್ಯಾಚು, ಸಲ್ಯೂಷನ್, ಗಾಳಿ ಪಂಪ್, ಎರಡೂ ಆಕ್ಸಲ್‌ಗೆ ಹೊಂದುವ ಸ್ಪ್ಯಾನರ್, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಕ್ಲಚ್ ಲಿವರ್, ಮುಂಬ್ರೇಕ್ ಲಿವರ್, ಚೈನ್ ಲಾಕ್, ಫ್ಯೂಸ್, ಕಟ್ಟುವ ತಂತಿ, ಕೇಬಲ್ ಟೈ, ಬಿರುಕು ಮುಚ್ಚುವ ಎಂ-ಸೀಲ್. ಕಲ್ಲು ಬಡಿದು ಎಂಜಿನ್ ಕವಚ ಬಿರಿದರೆ ಪೆಟ್ರೋಲಿನಿಂದ ಒರೆಸಿ, ಒಣಗಿಸಿ, ಎಂ-ಸೀಲ್ ಮೆತ್ತಿ ರಾತ್ರಿಯಿಡೀ ಬಿಟ್ಟರೆ ಮುಂದಿನ ಊರು ಸೇರಬಹುದು. ಹೊಸ ಕ್ಲಚ್ ಕೇಬಲನ್ನು ಬ್ಯಾಗಿನಲ್ಲಿ ಇಡುವ ಬದಲು ಹಳೆಯದರ ಪಕ್ಕದಲ್ಲೇ ಎಳೆದು ಟೈ ಹಾಕಿಟ್ಟರೆ ತುಂಡಾದಾಗ ತುದಿ ಬದಲಿಸುವುದಷ್ಟೇ ಕೆಲಸ. ಚಕ್ರ ಬಿಚ್ಚಿ ಟ್ಯೂಬ್ ಹಾಕುವುದನ್ನು ಮನೆಯಂಗಳದಲ್ಲಿ ಒಮ್ಮೆ ಪೂರ್ತಿ ಮಾಡಬೇಕು. ಟೈರಿನ ಅಂಚನ್ನು ರಿಮ್ಮಿನ ನಡುಗುಳಿಗೆ ಮಂಡಿಯಿಂದ ಒತ್ತಿ ಹಿಡಿದರೆ ಎದುರು ಬದಿ ಸಡಿಲಾಗುತ್ತದೆ. ಇದನ್ನು ಬಿಟ್ಟು ಲಿವರ್‌ಗೆ ಬಲ ಹಾಕಿದರೆ ಹೊಸ ಟ್ಯೂಬೇ ಕಚ್ಚಿಹೋಗುತ್ತದೆ.

ದೊಡ್ಡ ಪ್ರಯಾಣಕ್ಕೆ ಮುಂಚೆ ಪೂರ್ತಿ ಸಾಮಾನು ಹೇರಿಕೊಂಡು ಎರಡು ದಿನದ ಓಟ. ಬೆಂಗಳೂರಿನಿಂದ ಸಕಲೇಶಪುರ, ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯ, ಮಾರನೆಯ ದಿನ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ, ಮೂಡಿಗೆರೆ ಮೇಲೆ ವಾಪಸ್. ಹೆದ್ದಾರಿ, ಇಕ್ಕಟ್ಟಾದ ಘಾಟಿ, ಕಿತ್ತ ಡಾಂಬರು ಮೂರೂ ಇದರಲ್ಲಿ ಸಿಗುತ್ತವೆ. ಬಂದ ಮೇಲೆ ಸ್ಪೋಕು, ಕ್ಯಾರಿಯರ್ ಬೋಲ್ಟು, ಕ್ರ್ಯಾಶ್ ಗಾರ್ಡ್ ಬೋಲ್ಟು ಮತ್ತೆ ಬಿಗಿಮಾಡಬೇಕು. ಹೊಸ ಕೋನ್ ಸೆಟ್ ಕೂತುಕೊಂಡು ಸ್ವಲ್ಪ ಸಡಿಲವಾಗಿರುತ್ತದೆ, ಅದನ್ನೂ. ಬಿಗಿಮಾಡಿದ ಬೋಲ್ಟಿನ ಮೇಲೆ ಬಿಳಿ ಬಣ್ಣದಲ್ಲಿ ಗೆರೆ ಎಳೆದರೆ ದಿನಾ ಬೆಳಗ್ಗೆ ಒಂದು ನೋಟದಲ್ಲೇ ಯಾವುದು ತಿರುಗಿದೆ ಗೊತ್ತಾಗುತ್ತದೆ. ಈ ಓಟದಲ್ಲಿ ಬ್ಯಾಗಿನಿಂದ ಹೊರಗೇ ಬಾರದ ಬಟ್ಟೆಬರೆಯನ್ನು ಮನೆಯಲ್ಲೇ ಬಿಡಿ.

ರಜೆ ಕಡಿಮೆ ಇರುವವರು ಗಾಡಿಯನ್ನು ರೈಲಿನಲ್ಲಿ ದೆಹಲಿಗೋ ಚಂಡೀಗಢಕ್ಕೋ ಕಳಿಸಬಹುದು. ಪಾರ್ಸೆಲ್ ಕಚೇರಿಗೆ ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಡಬೇಕು, ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಕನ್ನಡಿ ಬಿಚ್ಚಿ ಬ್ಯಾಗಿಗೆ ಹಾಕಿ, ಲಿವರ್‌ಗಳಿಗೂ ಟ್ಯಾಂಕಿಗೂ ನಾವೇ ಒಂದು ಸುತ್ತು ಗೋಣಿಚೀಲ ಸುತ್ತಿ, ಅದರ ಮೇಲೆ ಅವರ ಪ್ಯಾಕಿಂಗ್ ಮಾಡಿಸುವುದು ಒಳ್ಳೆಯದು. ಇಳಿಸಿಕೊಳ್ಳಲು ಹೋಗುವಾಗ ಖಾಲಿ ಕ್ಯಾನ್ ಕೊಂಡೊಯ್ದು ಹತ್ತಿರದ ಬಂಕಿನಿಂದ ಒಂದೆರಡು ಲೀಟರ್ ತಂದು ಹಾಕಿ. ಕೀ ತಿರುಗಿಸಿ ಪಂಪ್ ಗುಂಯ್ ಎನ್ನುವುದು ನಿಂತ ಮೇಲೆ ಆಫ್ ಮಾಡಿ, ಹೀಗೆ ಎರಡು ಮೂರು ಸಲ ಮಾಡಿದ ನಂತರವೇ ಸೆಲ್ಫ್ ಒತ್ತಬೇಕು. ಪೈಪಿನಲ್ಲಿ ಪೆಟ್ರೋಲ್ ತುಂಬುವ ಮೊದಲೇ ಸೆಲ್ಫ್ ಒತ್ತುತ್ತ ಹೋದರೆ ಬ್ಯಾಟರಿ ಸ್ಟೇಷನ್ ಅಂಗಳದಲ್ಲೇ ಇಳಿಯುತ್ತದೆ.